ಬಿದ್ದ ಸೀಬೆಯ ಮಳೆಗಾಲ

ಆಗೆಲ್ಲ ಹೆಬ್ಬಾಳ ದಾಟಿದರೆ ಬರೀ ಸೀಬೆ, ದ್ರಾಕ್ಷಿ ತೋಟಗಳು. ಮಳೆ ಹಿಡಿದರೆ ಕೆಂಪಾಪುರದವರೆಗೂ ಕೊಳೆತ ಸೀಬೆಯ ಸಿಹಿ ನಾತ. ಅಪ್ಪ ತೀರಿಕೊಂಡ ವರ್ಷ ನಮ್ಮ ಹೊಟ್ಟೆಪಾಡು ನಡೆದದ್ದು ಆ ಬಿದ್ದ ಹಣ್ಣಿನಿಂದಲೇ. ಬೆಳಗಾಗುತ್ತಲೇ ಅವ್ವ, ನಾನು, ತಂಗಿ ನಂಜಿ ತೋಟಕ್ಕೆ ಹೋಗುತ್ತಿದ್ದೆವು. ಕೆರೆಯಂಚಿನ ಗುಡಿಸಲಿನ ಕೆಂಪಮ್ಮನೂ ಬೆಳೆದ ಹೆಣ್ಣುಮಕ್ಕಳ ದಂಡು ಕಟ್ಟಿಕೊಂಡು ಬರುತ್ತಿದ್ದಳು.

ಹುಳ ನೋಡದೆ ತಿನ್ನುವಂತಿರಲಿಲ್ಲ. ಒಂದು ಹಣ್ಣು ಸೀಳಿದರೆ ದಪ್ಪ ನೊಣದ ಬಿಳಿ ಹುಳಗಳು ಗಿಜಿಗಿಜಿ. ಪಕ್ಕದ ಹಣ್ಣಿನಲ್ಲಿ ಅವು ಒಂದೂ ಇಲ್ಲ. ಹಣ್ಣಿಗೆ ಮುತ್ತುವ ಸಣ್ಣ ಗುಂಗುರು ನೊಣದ, ನೂಲಿನಂಥ ಮರಿಗಳು ಮಾತ್ರ.

"ದಪ್ಪವು ಇದನ್ಯಾಕವ್ವಾ ತಿಂದಿಲ್ಲ?" ಎಂದೆ.

"ಎಲ್ಲಾ ಒಂದರಲ್ಲೇ ಮುಕುರ್ಕೊಂಡವೆ ಕಣವ್ವ. ಅವು ಬರದಿರೋ ಅಣ್ಣಲ್ಲಿ ಸಣ್ಣವು ಬದುಕ್ತವೆ."

ನಮ್ಮದೂ ಹಾಗೇ ನಡೆದಿತ್ತು. ಕೆಂಪಮ್ಮನವರು ಹೆಚ್ಚು ಉದುರಿದ ಮರಕ್ಕೆ ಒಟ್ಟಿಗೆ ನುಗ್ಗುತ್ತಿದ್ದರು. ನಾವು ಬೇಲಿ ಬದಿಯ ಮರಗಳಡಿ ಹೆಕ್ಕಿ, ಕೆಟ್ಟದ್ದನ್ನು ಕೊಯ್ದು, ಉಪ್ಪು ಖಾರ ಹಾಕಿ ಬೇಯಿಸಿಕೊಳ್ಳುತ್ತಿದ್ದೆವು.

ಒಂದು ದಿನ ತೋಟದ ಮಾಲಿ ಬಾಗಿಲಲ್ಲೇ ತಡೆದ. "ಇನ್ಮೇಲೆ ಒಳಕ್ಕೆ ಬರ್ಬೇಡಿ. ಬಿದ್ದಿದ್ದೆಲ್ಲ ಇಲ್ಲೇ ರಾಶಿ ಹಾಕ್ತೀವಿ, ಅಂಚ್ಕೊಳ್ಳಿ. ಯಜಮಾನರು ದೊಡ್ಡ ಮನಸ್ಸು ಮಾಡವ್ರೆ."

ರಾಶಿ ಬಿದ್ದ ಕೂಡಲೇ ಕೆಂಪಮ್ಮನ ಮಕ್ಕಳು ಸುತ್ತುವರಿದರು. ಅವ್ವ ಸೆರಗೊಡ್ಡಿ ನುಗ್ಗಿದಳು. ಯಾರದೋ ಮೊಣಕೈ ತಾಗಿ ಕೆಸರಿಗೆ ಬಿದ್ದಳು. ಕೆಂಪಮ್ಮ ಹಣ್ಣು ಬಾಚುತ್ತಲೇ ಅಳುತ್ತಿದ್ದಳು. "ನನ್ನ ಮಕ್ಳೂ ಉಪಾಸ ಕಣಮ್ಮೀ, ನಾನೇನ್ ಮಾಡ್ಲಿ?"

ಅವರು ಬಿಟ್ಟುಹೋದ ತಳದ ಕೆಸರನ್ನು ನಾನೂ ನಂಜಿಯೂ ಕೆದಕಿದೆವು. ದಪ್ಪ ಹುಳಗಳು ಬಿಟ್ಟರೆ ಏನೂ ಇರಲಿಲ್ಲ. ದಿನವೂ ಇದೇ ಆಯಿತು. ನಂಜಿಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರತೊಡಗಿತು. ಅವ್ವ ದೊಡ್ಡಬಳ್ಳಾಪುರದ ನಮ್ಮ ಸೋದರತ್ತೆಗೆ ಹೇಳಿಕಳಿಸಿದಳು. ಅತ್ತೆಗೆ ಮಕ್ಕಳಿರಲಿಲ್ಲ.

"ಇವಳನ್ನ ಕರ್ಕೊಂಡ್ ಓಗಿ ಅತ್ತಿಗೆ. ಇಲ್ಲಿದ್ರೆ ಉಳಿಯಲ್ಲ," ಎಂದಳು ಅವ್ವ.

ಕಳಿಸಲು ಅವ್ವ ಹೊರಗೆ ಬರಲಿಲ್ಲ, ನಾನೊಬ್ಬಳೇ ಬಂದೆ. ಹೋಗುವಾಗ ನಂಜಿ ಅತ್ತಳಾ ಎಂದು ಅವ್ವ ಸಾಯುವವರೆಗೂ ನನ್ನನ್ನು ಕೇಳುತ್ತಿದ್ದಳು. ಅತ್ತಿರಲಿಲ್ಲ. ಸೋದರತ್ತೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಮುದ್ದೆಯನ್ನು ತಿನ್ನುತ್ತಾ, ತಿರುಗಿಯೂ ನೋಡದೆ ಹೋದಳು.

ಆ ತೋಟಗಳ ಜಾಗದಲ್ಲೀಗ ಒಂದು ಸೀಬೆ ಗಿಡವೂ ಇಲ್ಲ. ನಂಜಿ ಸುಖವಾಗಿದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಮದುವೆ ಮುಂಜಿಯಲ್ಲಿ ಸಿಕ್ಕಾಗ ನಗುತ್ತಾ ಮಾತಾಡಿಸುತ್ತಾಳೆ. "ಚೆನ್ನಾಗಿದೀರಾ? ಊಟ ಆಯ್ತಾ?" ಎನ್ನುತ್ತಾಳೆ. ಒಂದೇ ಹೊದಿಕೆಯಲ್ಲಿ ಮಲಗಿದ್ದ ನನ್ನ ತಂಗಿ ನನ್ನನ್ನು 'ನೀವು' ಎನ್ನುತ್ತಾಳೆ.