ಬೆಲ್ಲದ ಬದಲಿಗೆ ಕೊಟ್ಟ ಬೀಡಿ

ಮಳವಳ್ಳಿ ಆಸ್ಪತ್ರೆಯ ಕಾಂಪೌಂಡರ್ ಅಕ್ರಂ ಪಾಷಾನ ಬಾಯಿ ಬಲು ಜೋರು. ಔಷಧಿಗಿಂತ ಬೈಗುಳವೇ ಹೆಚ್ಚು. ಆದರೆ ಗಾಯ ತೊಳೆಯುವಾಗ ಅವನ ಕೈ ಹಗುರ, ಅದಕ್ಕೇ ಜನ ಬರುತ್ತಿದ್ದರು.

ಬೆಳಕವಾಡಿಯ ಜವರಯ್ಯ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು. ೧೯೪೧ರಲ್ಲಿ ಅವನಿಗೆ ಸಿಹಿಮೂತ್ರದ ಕಾಯಿಲೆ ಎಂದು ಗೊತ್ತಾಯಿತು. ಬೆಲ್ಲ ಬಿಡು ಎಂದರೆ ಬಿಟ್ಟುಬಿಡುವುದಕ್ಕಾಗುತ್ತದೆಯೇ? ದಿನವಿಡೀ ಪಾಕ ನೆಕ್ಕಿ ಹದ ನೋಡಿದ ಬಾಯಿ!

"ಬಾಯಿ ಸುಮ್ಕಿರಾಕಿಲ್ಲ ಕಣಪ್ಪ" ಎಂದು ಜವರಯ್ಯ ಅತ್ತೇಬಿಟ್ಟ. ಪಾಷಾ ಜೇಬಿನಿಂದ ತನ್ನದೇ ಬೀಡಿ ತೆಗೆದುಕೊಟ್ಟ. "ಬೆಲ್ಲ ತಿನ್ಬೇಕು ಅನ್ನುಸ್ದಾಗೆಲ್ಲ ಇದನ್ನ ಹಚ್ಚು. ಇದ್ರಲ್ಲೇನು ಸಕ್ಕರೆ ಐತಾ?" ಅದುವರೆಗೂ ಬೀಡಿ ಮುಟ್ಟದ ಜವರಯ್ಯ ಅದನ್ನು ಕಣ್ಣಿಗೊತ್ತಿಕೊಂಡು ಹೋದ.

ಮೂರು ವರ್ಷದ ಮೇಲೆ ಪಾಷಾನನ್ನು ಆರು ವಾರದ ತರಬೇತಿಗೆ ಮೈಸೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಕಪ್ಪಗೆ ಕೊಳೆತ ಕಾಲೊಂದನ್ನು ತೋರಿಸಿ, "ಸಿಹಿಮೂತ್ರದವನು ಬೀಡಿ ಸೇದಿದರೆ ಕಾಲಿಗೆ ರಕ್ತ ಇಳಿಯುವುದಿಲ್ಲ. ಬರೀ ಬಿಡು ಅಂದರೆ ಸಾಲದು, ಜೊತೆಗೆ ಕೂತು ಬಿಡಿಸಬೇಕು" ಎಂದರು. ಅಯ್ಯೋ, ಪಾಷಾನಿಗೆ ಜವರಯ್ಯ ನೆನಪಾದ. ತನ್ನ ಬೀಡಿಕಟ್ಟನ್ನು ಆವತ್ತೇ ಚರಂಡಿಗೆಸೆದ. ಊರಿಗೆ ಮರಳಿದ ದಿನ ಮನೆಗೂ ಹೋಗದೆ ಬೆಳಕವಾಡಿಗೆ ಸೈಕಲ್ ತುಳಿದ.

ಜವರಯ್ಯನ ಎಡಗಾಲಿನ ಹೆಬ್ಬೆರಳು ಆಗಲೇ ಕಪ್ಪಾಗಿತ್ತು. ಹಾಸಿಗೆಯ ಪಕ್ಕ ಬೀಡಿಕಟ್ಟುಗಳ ಗುಡ್ಡೆ. ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಬರುವುದಿಲ್ಲ. ಬಾಳೆಹಣ್ಣು ಕೂಡದೆಂದು ಕಾಂಪೌಂಡರೇ ಹೇಳಿದ್ದನಲ್ಲ, ಬಂದವರೆಲ್ಲ ಬೀಡಿ ತಂದಿದ್ದರು.

ಪಾಷಾ ಬೈಯಲಿಲ್ಲ. ಕೈ ಮುಗಿದ. "ಬುಟ್ಬುಡು ಜವರಣ್ಣ. ತಪ್ಪು ನಂದೇ. ಕಾಲು ಓಯ್ತದೆ."

"ಮೈಸೂರ್ಗೋಗಿ ತಲೆ ಕೆಟ್ಟೋಯ್ತೇನ್ಲಾ ನಿಂಗೆ?" ಜವರಯ್ಯ ನಕ್ಕ. "ಇದು ನೀನೇ ಕೊಟ್ಟ ಔಸ್ದಿ ಕಣ್ಲಾ."

ಹನ್ನೊಂದು ದಿನ ಪಾಷಾ ಕೆಲಸ ಮುಗಿಸಿ ಬಂದು ಅವನ ಪಕ್ಕ ಕೂತ. ಇವನಿದ್ದಷ್ಟು ಹೊತ್ತು ಜವರಯ್ಯ ಸೇದುತ್ತಿರಲಿಲ್ಲ. ಸೈಕಲ್ ಓಣಿ ತಿರುಗಿದೊಡನೆ ಕಡ್ಡಿ ಗೀರುತ್ತಿದ್ದನಂತೆ, ಹೆಂಡತಿ ಹೊಂಬಾಳಮ್ಮನೇ ಆಮೇಲೆ ಹೇಳಿದಳು. ಹನ್ನೆರಡನೆಯ ದಿನ ಅವನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿ ಮಂಡಿಯಿಂದ ಕೆಳಗೆ ಕಾಲು ಕತ್ತರಿಸಿದರು.

ಜವರಯ್ಯ ಮನೆಗೆ ಬಂದ ಮೇಲೆ ಪಾಷಾ ಮತ್ತೆ ಹೋದ. ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತ ಕೂತ. ಜವರಯ್ಯನೇ ಅವನ ಬೆನ್ನು ಸವರಿದ.

"ನೀ ಯಾಕ್ಲಾ ಅಳ್ತೀಯ? ನಿನ್ ಮಾತ ಒಂದಿನಾನೂ ಮೀರಿಲ್ಲ ಕಣಪ್ಪ ನಾನು. ಇವತ್ಗೂ ಬೆಲ್ಲ ಮುಟ್ಟಿಲ್ಲ" ಎಂದು ಬೀಡಿ ಹಚ್ಚಿದ.

ಪಾಷಾ ಅವನ ಬಲಗಾಲಿನ ಕಿರುಬೆರಳನ್ನು ನೋಡಿದ. ಅದೂ ಕಪ್ಪಾಗತೊಡಗಿತ್ತು.