ಒಣಗಲು ಹಾಕಿದ ಎರಡು ಚೀಟಿ

"ನಾನು ಓದಿದವಳಲ್ಲ. ಹನ್ನೊಂದು ವರ್ಷದಿಂದ ಹಳೇ ಮಡಕೆ ಚೂರು ತೊಳೀತಾ ಇದೀನಿ. ಅಗೆಯೋರು ಒಂದೊಂದು ಪದರದಲ್ಲಿ ಸಿಕ್ಕಿದ್ದನ್ನ ಒಂದೊಂದು ಬಕೆಟ್ಟಿಗೆ ಹಾಕಿ, ಯಾವ ಗುಂಡಿ, ಎಷ್ಟು ಆಳ ಅಂತ ಬರೆದ ಚೀಟಿ ಇಟ್ಟು ಕಳಿಸ್ತಾರೆ. ಒಂದು ಚೂರು ಕಳೆದ್ರೆ ಬೈಸಿಕೊಂಡು ಸುಮ್ಮನಾಗಬಹುದು. ಚೀಟಿ ಹೋಯ್ತೋ, ಬಕೆಟ್ ತುಂಬ ಇರೋದು ಬರೀ ಕಸ. ಗಾರೆ ನೆಲದ ಕೆಳಗೆ ಸಿಕ್ಕಿದ್ದು ನೆಲ ಹಾಕೋ ಮುಂಚಿಂದು, ಮೇಲೆ ಸಿಕ್ಕಿದ್ದು ಆಮೇಲಿಂದು. ಅದನ್ನ ಹೇಳೋಕೆ ಚೂರಿಗೆ ಬಾಯಿಲ್ಲ, ಚೀಟಿನೇ ಹೇಳಬೇಕು. ಇಷ್ಟೆಲ್ಲ ಗೊತ್ತಿದ್ದೂ ನಾನು ಅವತ್ತು ಆ ಕೆಲಸ ಮಾಡಿದೆ ನೋಡಿ."

ಇದನ್ನು ಹೇಳುವಾಗ ಚೂರಕ್ಕನ ದನಿ ಈಗಲೂ ಸಣ್ಣಗಾಗುತ್ತದೆ. ಅಗೆತದ ಜಾಗದಲ್ಲಿ ಅವಳಿಗೆ ಅದೇ ಹೆಸರು. ಕೋಪ ಬಂದರೆ ಮನೆಯಲ್ಲಿ ಅತ್ತೆಯೂ ಹಾಗೇ ಕರೆಯುತ್ತಿದ್ದರು.

ಅವತ್ತು ಅವಳ ಮುಂದೆ ಎರಡು ಬಕೆಟ್ ಇದ್ದವು, ಒಂದು ಗಾರೆ ನೆಲದ ಮೇಲಿನದು, ಇನ್ನೊಂದು ಕೆಳಗಿನದು. ನೀರು ಸಿಡಿದು ಎರಡರ ಚೀಟಿಯೂ ನೆನೆದಿತ್ತು. ಬರಹ ಅಳಿಸಿ ಹೋದೀತೆಂದು ಹೆದರಿ, ಎರಡನ್ನೂ ತೆಗೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಟ್ಟಳು. ಒಳ್ಳೆಯದಕ್ಕೇ ಮಾಡಿದ್ದು. ಚೂರುಗಳನ್ನು ತೊಳೆದು ಎರಡು ತಟ್ಟೆಗಳಲ್ಲಿ ಹರಡಿ ತಿರುಗುವಷ್ಟರಲ್ಲಿ ಗಾಳಿಗೆ ಚೀಟಿಗಳು ಕೆಳಗೆ ಬಿದ್ದಿದ್ದವು. ಇದು ಇದಕ್ಕೆ, ಅದು ಅದಕ್ಕೆ ಎಂದು ಅಂದಾಜಿನ ಮೇಲೆ ಇಟ್ಟಳು.

ಮೂರನೆಯ ದಿನ, ಅಗೆತದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಒಂದು ತಟ್ಟೆಯಿಂದ ಹೆಬ್ಬೆರಳಷ್ಟು ಚೂರನ್ನು ಎತ್ತಿ ಹಿಡಿದರು. ಮಣ್ಣಿನ ದೀಪದ ತುಂಡು, ಮೇಲೆ ಶಿಲುಬೆಯ ಗೀರು ಇತ್ತು. ತಟ್ಟೆಯ ಚೀಟಿ ನೆಲದ ಕೆಳಗಿನದು.

"ಇದು ನಿಜವಾದ್ರೆ, ಈ ಮನೆಗೆ ನೆಲ ಹಾಕೋ ಮುಂಚೆನೇ ಇಲ್ಲಿ ಯೇಸುನ ನಂಬಿದ ಮೊದಲಿನೋರು ಇದ್ರು ಅಂತಾಯ್ತು," ಎಂದರು ಮೇಡಂ. "ಆಗ ಅವರಿಗೆ ಚರ್ಚು ಅಂತ ಕಟ್ಟಡ ಎಲ್ಲಿತ್ತು? ಇಂಥ ಯಾರದೋ ಮನೆಯ ಊಟದ ಕೋಣೇಲಿ ಸೇರೋರು. ಎಷ್ಟೋ ಸಲ ಹೆದರಿಕೊಂಡು, ಕದ ಹಾಕ್ಕೊಂಡು. ಅಂಥ ಸಣ್ಣ ಜನರ ಬಗ್ಗೆ ಯಾರು ಬರೆದಿಡ್ತಾರೆ? ಅವರು ಬಿಟ್ಟುಹೋದ ದೀಪ, ಬಟ್ಟಲುಗಳೇ ಹೇಳಬೇಕು."

ಶುಕ್ರವಾರ ಪತ್ರಿಕೆಯವರು ಬರುವುದೆಂದಾಯಿತು. ಚೂರಕ್ಕ ತಾನು ಅಂದಾಜಿನ ಮೇಲೆ ಇಟ್ಟ ಚೀಟಿಯನ್ನೇ ನೋಡಿದಳು.

"ಇನ್ನೇನು ಚೂರಕ್ಕ, ನೀನು ಚೂರು ತೊಳೆದ ನೀರನ್ನೂ ಸೀಸೆಗೆ ತುಂಬಿ ಇಡ್ತಾರೆ," ಎಂದು ಗುದ್ದಲಿಯವನು ನಗಾಡಿದ.

ನೀರು ಎಂದದ್ದೇ ತಡ, ಅವಳಿಗೆ ನೆನಪಾಯಿತು. ನೆಲದ ಮೇಲಿನದು ಕುಸಿದ ಗೋಡೆಯ ಕೆಂಪು ಮಣ್ಣು, ಕೆಳಗಿನದು ಬೂದಿ. ಆ ದೀಪದ ಚೂರನ್ನು ಉಜ್ಜುವಾಗ ಬೆರಳ ಸಂದಿಯಿಂದ ಇಳಿದ ನೀರು ಕೆಂಪಗಿತ್ತು. ಅಂದರೆ ಅದು ನೆಲದ ಮೇಲಿನ ಬಕೆಟ್ಟಿನದು.

ಎರಡು ದಿನ ಅದೇ ಯೋಚನೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ, ಅವಳದೇ ಕೈಯಿಂದಾದ ಸುಳ್ಳು ಅಗೆತದ ದಾಖಲೆ ಪುಸ್ತಕ ಸೇರುತ್ತದೆ. ಬಾಗಿಲ ಹೊರಗೆ ಹೆಜ್ಜೆ ಸಪ್ಪಳವಾದರೂ ಬೆಚ್ಚಿ ಬೀಳುವಳು. ಅತ್ತೆ ಮಾತ್ರ ದೀಪದ ಸುದ್ದಿಯನ್ನು ಬೀದಿಗೆಲ್ಲ ಸಾರಿ ಬಂದಿದ್ದರು.

"ಮೊದಲಿನೋರೂ ನಮ್ಮ ಹಾಗೇ ಪುಕ್ಕಲರು ಕಣೇ. ಕೇಳಿ ನನ್ನ ಎದೆ ಹಗುರಾಯ್ತು. ನಾನು ಕದ ಹಾಕ್ಕೊಂಡು ಪ್ರಾರ್ಥನೆ ಮಾಡಿದ್ರೆ ನಿನ್ನ ಮಾವ ನಗ್ತಿದ್ರು."

ಗುರುವಾರ ಸಂಜೆ ಚೂರಕ್ಕ ಮೇಡಂ ಕೋಣೆಗೆ ಹೋದಳು. ಹಗ್ಗ, ಕ್ಲಿಪ್ಪು, ಗಾಳಿ, ಕೆಂಪು ನೀರು, ಎಲ್ಲ ಹೇಳಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹಾಗಾದ್ರೆ ಚೀಟಿ ಅದಲು ಬದಲು ಮಾಡಿಬಿಡಿ ಮೇಡಂ," ಎಂದಳು ಇವಳೇ.

"ನಿನ್ನ ನೆನಪನ್ನ ನಾನು ನಂಬ್ತೀನಿ. ಆದ್ರೆ ಅದನ್ನ ಸಾಕ್ಷಿ ಅಂತ ಬರೆಯೋಕಾಗಲ್ಲ." ಮೇಡಂ ಪುಸ್ತಕ ತೆರೆದು ಎರಡೂ ಬಕೆಟ್ಟಿನ ಸಾಲುಗಳ ಮೇಲೆ ಗೀಟು ಎಳೆದರು. ಪತ್ರಿಕೆಯವರಿಗೆ ಬರಬೇಡಿ ಎಂದು ಫೋನ್ ಮಾಡಿದರು. ಆಮೇಲೆ, "ನಾಳೆ ಬಾ," ಎಂದಷ್ಟೇ ಹೇಳಿದರು.

ಮನೆಗೆ ಬಂದಾಗ ಅತ್ತೆ ಹೊಸ್ತಿಲಲ್ಲಿ ಕೂತಿದ್ದರು. ಚೂರಕ್ಕ ನಿಂತಲ್ಲೇ ಎಲ್ಲವನ್ನೂ ಹೇಳಿ ಮುಗಿಸಿದಳು.

"ಕೆಲಸ?"

"ನಾಳೆ ಬಾ ಅಂದ್ರು. ತೊಳೆಯೋಕೋ, ಮನೆಗೆ ಕಳಿಸೋಕೋ, ಹೇಳಲಿಲ್ಲ."

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ದೀಪ ಆಮೇಲಿಂದಾದ್ರೆ, ಅವರು ಇರಲೇ ಇಲ್ಲ ಅಂತೇನಲ್ಲ ತಾನೆ?"

"ಅಲ್ಲ ಅತ್ತೆ. ಈ ಗುಂಡೀಲಿ ಗೊತ್ತಾಗಲಿಲ್ಲ, ಅಷ್ಟೇ."

"ಬೀದೀಲಿ ಹೇಳ್ಕೊಂಡು ಬಂದೋಳು ನಾನು. ಇನ್ನು ಹೇಗೆ ಮುಖ ಎತ್ತಿ ಓಡಾಡಲಿ, ಚೂರಕ್ಕ," ಎಂದರು ಅತ್ತೆ. ಆಮೇಲೆ, "ಬೆಳಿಗ್ಗೆ ಒಗೆದಿದ್ದು ಬಕೆಟ್ಟಲ್ಲೇ ಇದೆ. ಮುಗ್ಗು ಹಿಡಿದೀತು," ಎಂದರು.

ಚೂರಕ್ಕ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅತ್ತೆಯ ಸೀರೆಯನ್ನು ಇನ್ನೊಮ್ಮೆ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದಳು. ಒಂದೊಂದು ತುದಿಗೂ ಎರಡೆರಡು ಕ್ಲಿಪ್ ಹಾಕಿ, ಎಳೆದು ನೋಡಿ, ಬಕೆಟ್ಟಿನಿಂದ ಮುಂದಿನ ಬಟ್ಟೆ ತೆಗೆದಳು.