ಬಣ್ಣವಿಲ್ಲದ ಪದರ

ಬಣ್ಣದ ಆ ಚೂರು ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಮೇಲೆ ಮಾಸಿದ ನೀಲಿ, ಕೆಳಗೆ ಅಂಟಿಕೊಂಡ ಮರದ ಒಂದೆರಡು ನಾರು, ಒಂದು ಮೂಲೆಯಲ್ಲಿ ಉಪ್ಪಿನ ಬಿಳಿ ಹುಡಿ. ಚಿಮಟದಲ್ಲಿ ಹಿಡಿದು ಬೆಳಕಿಗೆ ಎತ್ತಿದಾಗ ಅದರ ಅಂಚಿನಲ್ಲಿ ಪದರಗಳು ಕಂಡವು, ಪತ್ರೊಡೆಯ ಹೋಳನ್ನು ಪಕ್ಕದಿಂದ ನೋಡಿದ ಹಾಗೆ.

ವಿವರಣೆಗೆ ಸಿಗದ ಅನುಭವಗಳ ಬಗ್ಗೆ ಜನ ಬರೆದದ್ದನ್ನು ನಾನು ಓದುತ್ತಿದ್ದುದೇ ಕಡಿಮೆ. ಓದಿದರೂ, ಬರೆದವರು ಆ ಹೊತ್ತಿಗೆ ದಣಿದಿದ್ದಿರಬೇಕು ಅಥವಾ ಹೆದರಿದ್ದಿರಬೇಕು ಎಂದು ಅರ್ಧದಲ್ಲೇ ತೀರ್ಮಾನಿಸಿ ಮಡಚಿಡುತ್ತಿದ್ದೆ. ನೀವು ನನ್ನ ಬಗ್ಗೆಯೂ ಹಾಗೆ ತೀರ್ಮಾನಿಸಿದರೆ ನನಗೆ ಬೇಸರವಿಲ್ಲ. ನಾನು ದಣಿದಿದ್ದೆ, ಅದು ನಿಜ. ಹೆದರಿರಲಿಲ್ಲ. ಈಗಲೂ ಆ ಸಂಜೆಯನ್ನು ನೆನೆದಾಗ ನನಗೆ ಬರುವುದು ಭಯವಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕಾರವಾರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೆ. ಕೋಡಿಬಾಗದಲ್ಲಿ ಬಾಡಿಗೆ ಕೋಣೆ. ಸಮುದ್ರದ ನೀರಿಗೆ ಲೋಹ ತುಕ್ಕು ಹಿಡಿಯದಂತೆ ತಡೆಯುವ ಹೊಸ ಬಗೆಯ ಲೇಪಗಳನ್ನು ತಯಾರಿಸಿ ಪರೀಕ್ಷಿಸುವುದು ನಮ್ಮ ಕೆಲಸ. ಲೇಪ ಬಳಿದ ತುಂಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇಟ್ಟು ಗಾಳಿ ತೆಗೆದರೆ, ಕಣ್ಣಿಗೆ ನುಣುಪಾಗಿ ಕಾಣುವ ಮೇಲ್ಮೈ ಗುಡ್ಡ ಕಣಿವೆಗಳಾಗಿ ತೆರೆದುಕೊಳ್ಳುತ್ತದೆ. ಆ ಯಂತ್ರಕ್ಕೆ ಬಣ್ಣ ಗೊತ್ತಿಲ್ಲ. ಅದರ ಪ್ರಪಂಚವೆಲ್ಲ ಬೂದು. ಆದರೆ ಎಲೆಕ್ಟ್ರಾನು ತಾಗಿದ ಜಾಗದಿಂದ ಹೊರಡುವ ಎಕ್ಸ್ ಕಿರಣವನ್ನು ಅಳೆದರೆ ಅಲ್ಲಿ ಯಾವ ಧಾತು ಇದೆ ಎಂದು ತಿಳಿಯುತ್ತದೆ. ಟೈಟೇನಿಯಂ ಸಿಕ್ಕರೆ ಅದು ಬಿಳಿ ಬಣ್ಣವಿರಬೇಕು, ತಾಮ್ರ ಸಿಕ್ಕರೆ ನೀಲಿ, ಕಬ್ಬಿಣ ಸಿಕ್ಕರೆ ಕೆಂಪು. ನನ್ನ ಸ್ವಭಾವಕ್ಕೆ ಈ ಕೆಲಸ ಒಗ್ಗಿತ್ತು. ಯಂತ್ರ ಇದ್ದದ್ದನ್ನು ಇದ್ದಷ್ಟೇ ಹೇಳುತ್ತದೆ, ನನ್ನನ್ನು ಏನೂ ಕೇಳುವುದಿಲ್ಲ.

ನನ್ನ ತಂದೆ ಅಂಕೋಲೆಯಲ್ಲಿ ಶಿಕ್ಷಕರು. ಅವರ ತಮ್ಮ, ನಮ್ಮ ಕಾಕಾ, ಬೇಲೆಕೇರಿಯ ಹಳೆಯ ಮನೆಯಲ್ಲೇ ಉಳಿದು ಮೀನು ಹಿಡಿಯುತ್ತಿದ್ದ. ದೊಡ್ಡ ಬೋಟುಗಳಿಗೆ ಹೋದವನಲ್ಲ. ಅವನದೊಂದು ಪಾತಿ, ಎಂದರೆ ಒಬ್ಬಿಬ್ಬರು ಹೋಗುವ ಸಣ್ಣ ದೋಣಿ. ಕಾಕಾ ಕಾಕಿಗೆ ಮಕ್ಕಳಿಲ್ಲ. ಹಾಗಾಗಿ ಆ ಮನೆಯ ಹೆಣ್ಣುಮಗಳು ಮಾಡಬೇಕಾದ ಒಂದು ಕೆಲಸ ಚಿಕ್ಕಂದಿನಿಂದ ನನ್ನ ಪಾಲಿಗೆ ಬಂದಿತ್ತು.

ಮಳೆಗಾಲದಲ್ಲಿ ಪಾತಿಯನ್ನು ದಡಕ್ಕೆ ಎಳೆದಿಟ್ಟು, ಸಮುದ್ರಕ್ಕೆ ತೆಂಗಿನಕಾಯಿ ಬಿಡುವ ಶ್ರಾವಣದ ನಾರಳಿ ಹುಣ್ಣಿಮೆಯ ಮೊದಲು ಹೊಸ ಬಣ್ಣ ಬಳಿಯುತ್ತಾರೆ. ನಮ್ಮ ಮನೆಯಲ್ಲಿ ಕುಂಚ ತಾಗುವ ಮುಂಚೆ ಮನೆಯ ಹುಡುಗಿ ಹೆಬ್ಬೆರಳನ್ನು ಬಣ್ಣಕ್ಕೆ ಅದ್ದಿ ಪಾತಿಯ ಮೂತಿಯ ಒಳಬದಿಯಲ್ಲಿ ಒಂದು ಒತ್ತು ಒತ್ತಬೇಕು. ಅದಕ್ಕೆ ಬೆರಳು ಹಚ್ಚುವುದು ಎನ್ನುತ್ತಿದ್ದೆವು. ಉಳಿದ ಕಡೆ ಹಳೆಯ ಬಣ್ಣ ಕೆರೆದು ತೆಗೆಯುತ್ತಿದ್ದ ಕಾಕಾ ಆ ಅಂಗೈಯಗಲದ ಜಾಗವನ್ನು ಮಾತ್ರ ಕೆರೆಯುತ್ತಿರಲಿಲ್ಲ. ವರ್ಷದ ಮೇಲೆ ವರ್ಷದ ಬಣ್ಣ ಅಲ್ಲಿ ಕೂತು ಅದು ಸಣ್ಣ ಗುಬುಟಿನಂತೆ ಉಬ್ಬಿತ್ತು. ನಾನು ಪಿಎಚ್.ಡಿ. ಮಾಡುವಾಗಲೂ ಈ ಒಂದು ಕೆಲಸಕ್ಕಾಗಿ ರಜೆ ಹಾಕಿ ಬರುತ್ತಿದ್ದೆ. ಕಾರಣ ಕೇಳಿದರೆ ಮನೆಯಲ್ಲಿ ಕಾರ್ಯಕ್ರಮ ಎನ್ನುತ್ತಿದ್ದೆ. ಬಿಡಿಸಿ ಹೇಳುವ ಅಭ್ಯಾಸ ನನಗಿಲ್ಲ.

ಕೊನೆಯ ಆ ವರ್ಷ ಬೆರಳು ಹಚ್ಚಿದ ಮೇಲೆ ನಾನು ಕಾಕಾನ ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟೆ. ನಾನೇ ತಯಾರಿಸಿದ ಲೇಪ. ಅದರಲ್ಲಿ ಸೀರಿಯಂ ಎಂಬ ಅಪರೂಪದ ಲೋಹದ ಅಂಶವಿತ್ತು. ಅಂಗಡಿಯ ಯಾವ ದೋಣಿಬಣ್ಣದಲ್ಲೂ ಅದಿರುವುದಿಲ್ಲ. ಲೋಹಕ್ಕೆಂದು ಮಾಡಿದ್ದಾದರೂ ಮರದ ಮೇಲೆ ಹೇಗಿರುತ್ತದೆ ನೋಡುವ ಆಸೆ ನನಗೆ. ಡಬ್ಬಿಯ ಮುಚ್ಚಳದ ಸುತ್ತ ಮೇಣ ಹಾಕಿ, ಟೇಪು ಸುತ್ತಿ, ಅದರ ಮೇಲೆ ನನ್ನ ಸಹಿ ಮಾಡಿದ್ದೆ. ಕಾಕಾ ನನ್ನ ಬಳಿ ಉಳಿದಿದ್ದ, ಬಿಗಿಯಾಗಿ ಮುಚ್ಚಿದ್ದ ಮಾದರಿಯ ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದೆಂತಾ ಬಣ್ಣ ಮಾರಾಯ್ತಿ, ನೀರಿನಂಗೆ ಅದೆ. ಮೀನಿಗೂ ಕಾಣೂದಿಲ್ಲ, ನಂಗೂ ಕಾಣೂದಿಲ್ಲ."

"ಕಾಣೂದು ಬೇಡ ಕಾಕಾ. ಮೇಲಿಂದ ಹಚ್ಚಿರೆ ಒಳಗಿನ ಬಣ್ಣ ಉಳೀತದೆ."

"ಇಷ್ಟೆಲ್ಲ ಓದಿ ಬಣ್ಣ ಇಲ್ದಿರೋ ಬಣ್ಣ ಮಾಡೂಕೆ ಕಲ್ತದ್ದು" ಎಂದು ಅವನು ಕಾಕಿಗೆ ಕೇಳುವಂತೆ ಹೇಳಿ ನಕ್ಕ. ಆಮೇಲೆ ಗಂಭೀರವಾಗಿ, "ಈ ವರ್ಷದ ಬೆರಳು ಆಗಿ ಹೋಯ್ತು ತಂಗಿ. ಬರೂ ಹುಣ್ಣಿಮೆಗೆ ನೀನೇ ಬಂದು ಹಚ್ಚು. ಅಲ್ಲಿವರಿಗೆ ನಾ ಡಬ್ಬಿ ಮುಟ್ಟೂದಿಲ್ಲ" ಎಂದ. ಡಬ್ಬಿ ದೇವರ ಗೂಡಿನ ಪಕ್ಕದ ಎತ್ತರದ ಮಾಡಕ್ಕೆ ಹೋಯಿತು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಒಬ್ಬನೇ ಹೋದ ಕಾಕಾ ತಿರುಗಿ ಬರಲಿಲ್ಲ. ಮಧ್ಯಾಹ್ನ ಇದ್ದಕ್ಕಿದ್ದಂತೆ ಗಾಳಿ ಎದ್ದಿತ್ತು. ಹುಡುಕಿದರು, ಬೇಲೆಕೇರಿಯ ಎಲ್ಲ ಬೋಟುಗಳೂ ಹುಡುಕಿದವು. ಪಾತಿಯೂ ಸಿಗಲಿಲ್ಲ, ಅವನೂ ಸಿಗಲಿಲ್ಲ. ತಿಂಗಳುಗಳು ಕಳೆದವು. ಉತ್ತರಕ್ರಿಯೆ ಮಾಡಿ ಮುಗಿಸೋಣ ಎಂದು ಅಪ್ಪ ಮೆಲ್ಲಗೆ ಹೇಳತೊಡಗಿದರು. ಕಾಕಿ ಒಪ್ಪಲಿಲ್ಲ. ಕುರುಹು ಕಾಣದೆ ತಾನು ಯಾರಿಗೂ ನೀರು ಬಿಡುವವಳಲ್ಲ ಎಂದಳು. ಅವಳು ಕುಂಕುಮ ಇಡುವುದನ್ನು ನಿಲ್ಲಿಸಲಿಲ್ಲ. ನೆರೆಯವರು ಅದನ್ನು ನೋಡಿ ಮುಖ ತಿರುಗಿಸುವುದು ಅವಳಿಗೂ ಗೊತ್ತಿತ್ತು.

ಚಳಿ ಮುಗಿಯುವ ಹೊತ್ತಿಗೆ ಮಾಜಾಳಿಯ ದಂಡೆಗೆ ಒಂದು ಹಲಗೆ ತುಂಡು ಬಂದು ಬಿತ್ತು. ಕಾಕಾನ ಪರಿಚಯದ ಮೀನುಗಾರರೊಬ್ಬರು ಫೋನ್ ಮಾಡಿದರು. ನಾನು ಹೋಗಿ ತಂದು ಕಾಕಿಗೆ ತೋರಿಸಿದೆ. ದೋಣಿಯ ಮೂತಿಯ ತುಂಡು, ಒಳಬದಿಯಲ್ಲಿ ನೀಲಿ ಬಣ್ಣದ ಒಂದು ಗುಬುಟು. ಆದರೆ ಈ ಕರಾವಳಿಯಲ್ಲಿ ಅರ್ಧಕ್ಕರ್ಧ ದೋಣಿಗಳು ನೀಲಿ, ಬಣ್ಣ ದಪ್ಪಗೆ ಕೂತ ಮೂಲೆಗಳೂ ಎಲ್ಲ ದೋಣಿಗಳಲ್ಲಿ ಇರುತ್ತವೆ. ಕಾಕಿ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು.

"ನಿನ್ನ ಮಷೀನು ಹೇಳ್ತದ್ಯಾ, ಇದು ನಮ್ಮದಾ ಅಲ್ವಾ ಹೇಳಿ?"

ಹೇಳಬಹುದು, ಆದರೆ ನೂರಕ್ಕೆ ನೂರು ಎನ್ನಲಾಗದು, ಹೋಲಿಕೆ ಎಷ್ಟಿದೆ ಎಂದು ಮಾತ್ರ ಹೇಳಲು ಸಾಧ್ಯ ಎಂದು ನಾನು ಶುರು ಮಾಡಿದೆ.

"ನಡುವಿನ ಮಾತು ಬೇಡ ತಂಗಿ" ಎಂದಳು. "ಹೌದಾದ್ರೆ ಹೌದು ಹೇಳು. ಅಲ್ಲದಿದ್ರೆ ಅಲ್ಲ ಹೇಳು. ನೀ ಹೌದಂದ ದಿನ ನಾ ಕಾಯೂದು ಬಿಡ್ತೆ. ಅಲ್ಲ ಅಂದ್ರೆ ಮತ್ತೂ ಕಾಯ್ತೆ. ನಂಗೆ ಅದೂ ಬತ್ತದೆ."

ಹೋಲಿಸಿ ನೋಡಲು ಒಂದು ವಸ್ತು ಮನೆಯಲ್ಲೇ ಇತ್ತು. ಪ್ರತಿವರ್ಷ ಪಾತಿಗೆ ಬಳಿದು ಉಳಿದ ಬಣ್ಣವನ್ನು ಕಾಕಾ ಒಂದು ಹಳೆಯ ಹುಟ್ಟುಗೋಲಿಗೆ ಬಳಿದುಬಿಡುತ್ತಿದ್ದ. ಆ ಹುಟ್ಟಿನಿಂದ ಒಂದು ಚೂರು, ಹಲಗೆಯ ಗುಬುಟಿನಿಂದ ಎರಡು ಚೂರು ಎಬ್ಬಿಸಿ ಕಾರವಾರಕ್ಕೆ ಒಯ್ದೆ. ನಾನು ಆರಂಭದಲ್ಲಿ ಹೇಳಿದ್ದು ಆ ಎರಡರಲ್ಲಿ ಒಂದು.

ದೀಪ ಹಚ್ಚುವ ಹೊತ್ತು. ಪ್ರಯೋಗಾಲಯದ ಉಳಿದವರು ಮನೆಗೆ ಹೋಗಿದ್ದರು. ಅಡ್ಡಕೊಯ್ದು ನಯಮಾಡಿದ ಚೂರುಗಳನ್ನು ಯಂತ್ರದೊಳಗೆ ಇಟ್ಟೆ. ಮೊದಲು ಹುಟ್ಟಿನದು: ತಾಮ್ರ, ಅದರಡಿ ಟೈಟೇನಿಯಂ, ಮತ್ತೆ ತಾಮ್ರ, ಆಮೇಲೆ ಬಹಳ ತೆಳುವಾದ ಒಂದು ಕಬ್ಬಿಣದ ಪದರ. ಆ ಕಬ್ಬಿಣ ನೋಡಿ ನನಗೆ ಒಬ್ಬಳಿಗೇ ನಗು ಬಂತು. ಒಂದು ವರ್ಷ ನೀಲಿ ಸಾಲದೆ, ಕಾಕಾ ಅಂಕೋಲೆಯ ನಮ್ಮ ಮನೆಯ ಗೇಟಿಗೆಂದು ಅಪ್ಪ ತಂದಿಟ್ಟಿದ್ದ ಕೆಂಪನ್ನು ಹೇಳದೆ ಕೇಳದೆ ಒಯ್ದು ಪಾತಿಗೆ ಅಡಿಬಣ್ಣ ಬಳಿದಿದ್ದ. ಆ ವರ್ಷವಿಡೀ ಕಾಕಿ ಅವನನ್ನು ಗೇಟಿನವ ಎಂದೇ ಕರೆದಿದ್ದಳು. ಹಲಗೆಯ ಚೂರಿನಲ್ಲೂ ಅದೇ ಕ್ರಮವಿತ್ತು. ತಾಮ್ರ, ಟೈಟೇನಿಯಂ, ತಾಮ್ರ, ಗೇಟಿನ ಕಬ್ಬಿಣ. ಬೇರೆ ಯಾರ ದೋಣಿಯಲ್ಲೂ ಇದೇ ಕ್ರಮ ಇರಲು ಸಾಧ್ಯವಿರಲಿಲ್ಲ. ಅಲ್ಲಿಗೆ ಉತ್ತರ ಸಿಕ್ಕಿತ್ತು. ನಾನು ಕುರ್ಚಿಗೆ ಒರಗಿದೆ. ಆಮೇಲೆ ಅತ್ತೆ.

ಯಂತ್ರ ನಿಲ್ಲಿಸುವ ಮೊದಲು, ಹಲಗೆಯ ಚೂರಿನ ಎಲ್ಲಕ್ಕಿಂತ ಮೇಲಿನ ಅಂಚಿನಲ್ಲಿ ಒಂದು ಬೆಳ್ಳಗಿನ ಗೆರೆ ಕಂಡಿತು. ಹುಟ್ಟಿನ ಚೂರಿನಲ್ಲಿ ಅದಿರಲಿಲ್ಲ. ಗೆರೆ ಅಖಂಡವಾಗಿಯೂ ಇರಲಿಲ್ಲ. ಸ್ವಲ್ಪ ಇದ್ದು, ಸ್ವಲ್ಪ ಬಿಟ್ಟು, ಮತ್ತೆ ಇದ್ದು, ಒಂದೇ ಅಂತರದಲ್ಲಿ ದಿಬ್ಬ ದಿಬ್ಬವಾಗಿ ಹೋಗುತ್ತಿತ್ತು. ಅಲ್ಲಿಯ ಎಕ್ಸ್ ಕಿರಣ ಅಳೆದೆ. ಯಂತ್ರ ಸೀರಿಯಂ ಎಂದಿತು.

ನಾನು ನಂಬಲಿಲ್ಲ. ಟೈಟೇನಿಯಂ, ಬೇರಿಯಂ ಇರುವ ಬಣ್ಣಗಳಲ್ಲಿ ಯಂತ್ರ ಇಲ್ಲದ ಸೀರಿಯಂ ತೋರಿಸುವುದುಂಟು. ಅವುಗಳ ರೇಖೆಗಳು ಅಷ್ಟು ಹತ್ತಿರ. ಸೀರಿಯಂನ ಇನ್ನೊಂದು ರೇಖೆ, ಆ ಎರಡಕ್ಕೂ ಸಂಬಂಧವಿಲ್ಲದ್ದು, ಹುಡುಕಿದೆ. ಅದೂ ಇತ್ತು. ನಯಮಾಡುವಾಗ ಪುಡಿ ಸೇರಿರಬಹುದೆಂದುಕೊಂಡೆ. ಆದ್ದರಿಂದ ಏನೂ ಮಾಡದೆ ಹಾಗೇ ಇಟ್ಟಿದ್ದ ಎರಡನೇ ಚೂರನ್ನು ಮುಖ ಮೇಲೆ ಮಾಡಿ ಒಳಗಿಟ್ಟು, ಸೀರಿಯಂ ಎಲ್ಲೆಲ್ಲಿದೆ ಎಂಬ ನಕ್ಷೆ ಬರೆಯಲು ಬಿಟ್ಟೆ.

ಈ ನಕ್ಷೆ ಒಮ್ಮೆಲೇ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ಒಂದೊಂದೇ ಹಳದಿ ಚುಕ್ಕೆ ಬೀಳುತ್ತದೆ, ಮೊದಲ ಮಳೆಯ ಹನಿ ಅಂಗಳಕ್ಕೆ ಬಿದ್ದ ಹಾಗೆ. ಚುಕ್ಕೆಗಳು ಸೇರಿ ಗೆರೆಗಳಾದವು. ಗೆರೆಗಳು ಬಾಗಿದವು. ಒಂದರ ಪಕ್ಕ ಒಂದು, ಬಿಲ್ಲಿನಂತೆ ಬಾಗಿದ ಸಾಲುಗಳು. ಅದು ಹೆಬ್ಬೆರಳಿನ ಗುರುತು. ಸಾಲುಗಳ ನಡುವೆ ಓರೆಯಾಗಿ ಒಂದು ಖಾಲಿ ಪಟ್ಟಿ ಎಲ್ಲವನ್ನೂ ಕತ್ತರಿಸಿಕೊಂಡು ಹೋಗಿತ್ತು. ಗಾಳದ ನೈಲಾನು ದಾರ ಎಳೆದು ಎಳೆದು ಕಾಕಾನ ಬಲ ಹೆಬ್ಬೆರಳಿನಲ್ಲಿ ಬಿದ್ದಿದ್ದ ಕೊರಕಲು ಹಾಗೆಯೇ ಓರೆಯಾಗಿತ್ತು. ಚಿಕ್ಕವಳಿದ್ದಾಗ ಅದರಲ್ಲಿ ನನ್ನ ಉಗುರು ಓಡಿಸುತ್ತಿದ್ದೆ.

ಆ ಹೊತ್ತಿಗೆ ನನಗೆ ಏನನ್ನಿಸಿತು ಎಂದು ಬರೆಯಲು ಬರುವುದಿಲ್ಲ. ಮಾಡಿದ್ದನ್ನು ಹೇಳುತ್ತೇನೆ. ಕಾಕಿಗೆ ಫೋನ್ ಮಾಡಿ, ನಾನು ಕೊಟ್ಟ ಡಬ್ಬಿ ಇದೆಯೇ ನೋಡು ಎಂದೆ. ಅವಳು ಸ್ಟೂಲು ಎಳೆಯುವ ಸದ್ದು ಕೇಳಿತು.

"ಇದ್ದಲ್ಲೇ ಅದೆ."

"ಟೇಪು?"

"ನೀ ಸುತ್ತಿದ್ದು ಸುತ್ತಿದಂಗೇ ಅದೆ. ನಿನ್ನ ಕೋಳಿಕಾಲು ಸಹಿ ಸೈತ. ಯಾಕನೆ?"

"ನಾಳೆ ಬತ್ತೆ" ಎಂದು ಇಟ್ಟುಬಿಟ್ಟೆ.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಕೈಗವಸಿನಿಂದ ಲೇಪ ಅಂಟಿತೆ? ಕೈಗವಸಿಗೆ ಬೆರಳ ಗೆರೆಗಳಿರುವುದಿಲ್ಲ. ನನ್ನದೇ ಬೆರಳೆ? ನನ್ನ ಬೆರಳಲ್ಲಿ ಕೊರಕಲಿಲ್ಲ. ಹಲಗೆ ಕಂಡ ಮಾಜಾಳಿಯವರ ಬೆರಳಿರಬಹುದು, ಅಂಥ ಕೊರಕಲು ಅವರಿಗೂ ಇದ್ದೀತು. ಆದರೆ ಅವರಿಗೆ ಆ ಲೇಪ ಎಲ್ಲಿ ಸಿಗಬೇಕು? ಡಬ್ಬಿಯನ್ನು ಒಮ್ಮೆ ತೂಗಿಯೂ ನೋಡಿದೆ, ಕಡಿಮೆಯಾಗಿರಲಿಲ್ಲ. ಸಹೋದ್ಯೋಗಿಯೊಬ್ಬರಿಗೆ ಹಿನ್ನೆಲೆ ಹೇಳದೆ ಆ ನಕ್ಷೆ ತೋರಿಸಿದೆ. ಯಾರೋ ಮಾದರಿಯನ್ನು ಬರಿಗೈಯಲ್ಲಿ ಮುಟ್ಟಿದ್ದಾರೆ, ಬೈಯಿರಿ ಎಂದರು. ನಕ್ಷೆ ಈಗಲೂ ನನ್ನ ಬಳಿ ಇದೆ. ಅದು ಕಾಕಾನ ಬೆರಳು ಎಂದು ನಾನು ಸಾಧಿಸಲಾರೆ. ಅಲ್ಲ ಎಂದೂ ಹೇಳಲಾರೆ. ನನಗೆ ಗೊತ್ತಿರುವ ಯಾವ ದಾರಿಯಿಂದಲೂ ಅದು ಅಲ್ಲಿಗೆ ಬರಲು ಸಾಧ್ಯವಿರಲಿಲ್ಲ, ಮತ್ತು ಅದು ಅಲ್ಲಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಒಂದೇ ಚಿಂತೆ: ಬೆರಳಿನ ವಿಷಯ ಹೇಳಿದರೆ ಅವನು ಎಲ್ಲೋ ಇದ್ದಾನೆ ಎಂದು ಕಾಕಿ ಮತ್ತೆ ಕಾಯಲು ಕೂತಾಳು. ಹೆದ್ದಾರಿಯಲ್ಲಿ ಇಳಿದು ರಿಕ್ಷಾ ಹಿಡಿದು ಹೋದಾಗ ಅವಳು ಅಂಗಳ ಗುಡಿಸುತ್ತಿದ್ದಳು.

"ಹೌದು ಕಾಕಿ" ಎಂದೆ. "ನಮ್ಮದೇ."

ಅವಳು ಹಿಡಿಸೂಡಿಯನ್ನು ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತಳು. ಆಮೇಲೆ, "ಡಬ್ಬಿ ಎಂತಕ್ಕೆ ಕೇಳ್ದೆ?" ಎಂದಳು. ಅವಳಿಗೆ ಸುಳ್ಳು ಹೇಳಲು ನನಗಾಗಲಿಲ್ಲ. ಕಂಡದ್ದನ್ನು ಕಂಡಷ್ಟು ಹೇಳಿದೆ.

ಕಾಕಿ ನನ್ನ ಮುಖವನ್ನೇ ನೋಡಿದಳು. ಅವಳ ತುಟಿ ಒಂದು ಕಡೆಗೆ ಸರಿಯಿತು. "ಹುಣ್ಣಿಮೆವರಿಗೆ ತಡ್ಕಂಬೂ ಗಂಡಸಾ ಅದು? ಡಬ್ಬಿ ಮುಟ್ಟೂದಿಲ್ಲ ಹೇಳಿದ್ದು. ಮುಟ್ಟದೇನೇ ಹಚ್ಚಿ ಹೋದ್ರು, ಗೇಟಿನೋರು" ಎಂದು ನಕ್ಕಳು. ತಿಂಗಳುಗಳ ನಂತರ ಅವಳು ನಕ್ಕದ್ದು. ನಗುತ್ತಲೇ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. "ಆಯ್ತು. ಕಾರ್ಯಕ್ಕೆ ದಿನ ನೋಡೂಕೆ ಹೇಳು ನಿನ್ನಪ್ಪಂಗೆ."

ಆಮೇಲೆ ನನ್ನನ್ನು ಒಳಗೆ ಕರೆದಳು. ಒಲೆಯ ಬದಿಯಲ್ಲಿ ಒಂದು ತಟ್ಟೆ ಮುಚ್ಚಿಟ್ಟಿತ್ತು. ದಿನಾ ರಾತ್ರಿ ಅವನ ಪಾಲಿನ ಅನ್ನ ಬಡಿಸಿ ಮುಚ್ಚಿಡುತ್ತಾಳಂತೆ, ಬೆಳಿಗ್ಗೆ ನೀರು ಹಾಕಿ ತಾನೇ ಉಣ್ಣುತ್ತಾಳಂತೆ. ಅದು ನನಗಾಗಲಿ ಅಪ್ಪನಿಗಾಗಲಿ ಗೊತ್ತಿರಲಿಲ್ಲ. "ಇವತ್ತು ನಂಗೆ ಒಬ್ಬಳಿಗೆ ಇಳೀಲಿಕ್ಕಿಲ್ಲ, ಕೂತ್ಕ" ಎಂದು ಅನ್ನವನ್ನು ಎರಡು ಪಾಲು ಮಾಡಿದಳು. ನಾನು ಕೈ ತೊಳೆದು ಬಂದು ಅವಳ ಪಕ್ಕ ಕೂತು, ಮಾವಿನ ಮಿಡಿ ಕಚ್ಚಿಕೊಂಡು, ಕಾಕಾನ ಪಾಲಿನ ಅನ್ನದಲ್ಲಿ ಅರ್ಧ ಉಂಡೆ. ತಟ್ಟೆಗಳನ್ನು ತೊಳೆದು ಕವುಚಿಟ್ಟು ಅಪ್ಪನಿಗೆ ಫೋನ್ ಮಾಡಿದೆ.